ಹುಳಿಗೆ ಸಲ್ಲುವ ಅಂಕ

ಬೆಲ್ಜಿಯಂ ದೇಶದ ರಾಜಧಾನಿಯಾದ ಬ್ರಸೆಲ್ಸ್ ನಗರದ ದಕ್ಷಿಣ ರೈಲು ನಿಲ್ದಾಣದಿಂದ ಕಾಲುನಡಿಗೆಯ ದೂರದಲ್ಲಿ, ಆಂಡರ್ಲೆಕ್ಟ್ ಎಂಬ ಬಡಾವಣೆಯ ಸಾಧಾರಣ ಬೀದಿಯೊಂದರಲ್ಲಿ, ಹೊರಗಿನಿಂದ ನೋಡುವವರಿಗೆ ಹಳೆಯ ಉಗ್ರಾಣವೆಂದು ತೋರುವ ಒಂದು ಕಟ್ಟಡವಿದೆ. ಬಿಯರಿನ ರುಚಿಯನ್ನು ಪರೀಕ್ಷಿಸಿ ತಿಳಿಯಬಯಸುವ ರಸಿಕರು ಲೋಕದ ನಾನಾ ಭಾಗಗಳಿಂದ ಅರಸಿಕೊಂಡು ಬರುವ ಕಾಂತಿಯೋಂ ಬ್ರೂವರಿ ಇದೇ. 1900ರಲ್ಲಿ ಪಾಲ್ ಕಾಂತಿಯೋಂ ಎಂಬಾತನು ಪತ್ನಿಯೊಡನೆ ಇದನ್ನು ಸ್ಥಾಪಿಸಿದಾಗ, ಗಾಳಿಯ ಸೂಕ್ಷ್ಮಜೀವಿಗಳಿಂದ ತಾನಾಗಿ ಹುದುಗುವ, ಲ್ಯಾಂಬಿಕ್ ಎಂಬ ಹುಳಿ ಬಿಯರನ್ನು ಅನ್ಯ ತಯಾರಕರಿಂದ ಕೊಂಡುತಂದು, ಹದವರಿತು ಬೆರೆಸಿ ಮಾರುವುದಷ್ಟೇ ಆತನ ವೃತ್ತಿಯಾಗಿದ್ದಿತು. ಸ್ವಂತ ತಯಾರಿಕೆಗೆ ತೊಡಗಿದುದು 1930ರ ದಶಕದ ಕೊನೆಯಲ್ಲಿ, ಮಕ್ಕಳ ಕಾಲದಲ್ಲಿ. ಆರಂಭದ ಆ ದಿನಗಳಲ್ಲಿ ನಗರದ ತುಂಬ ಬ್ರೂವರಿಗಳಿದ್ದುವು; ಶತಮಾನವು ಮುಗಿಯುವ ವೇಳೆಗೆ ಲ್ಯಾಂಬಿಕ್ಕಿನ ಪೂರ್ವಪದ್ಧತಿಯನ್ನು ಕೈಬಿಡದೆ ನಗರದೊಳಗೆ ಉಳಿದುಕೊಂಡುದು ಇದೊಂದೇ. ಇದರ ಪಾನೀಯಗಳನ್ನು ಸವಿದು ಅಂಕ ಕೊಡುವುದೆಂದರೆ, ಒಂದು ವಸ್ತುವನ್ನು ಯಾವ ಅಳತೆಗೋಲಿನಿಂದ ಅಳೆಯಬೇಕೆಂಬ ಮೂಲಪ್ರಶ್ನೆಯನ್ನೇ ಎದುರಿಸುವುದೆಂದು ಅರ್ಥ.

ಮೊದಲು ಇಲ್ಲಿಯ ತಯಾರಿಕೆಯ ಕ್ರಮವನ್ನು ತಿಳಿಯುವುದು ಅವಶ್ಯಕ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ ಎರಡು ಪಾಲು, ಮೊಳಕೆ ಬರಿಸದ ಗೋಧಿ ಒಂದು ಪಾಲು, ಇವನ್ನು ಬಿಸಿನೀರಿನಲ್ಲಿ ಕದಡಿ, ಬಸಿದ ರಸವನ್ನು ಹಲವು ಗಂಟೆಗಳ ಕಾಲ ಕುದಿಸುತ್ತಾರೆ. ಕುದಿಯುವ ರಸಕ್ಕೆ ಹಾಪ್ ಹೂಗಳನ್ನು ಹಾಕುವುದು ಎಲ್ಲ ಕಡೆಯೂ ಇರುವ ವಾಡಿಕೆಯಾದರೂ, ಇಲ್ಲಿ ಬಳಸುವುದು ಎರಡು ಮೂರು ವರ್ಷ ಕೂಡಿಟ್ಟು ಕಹಿಯನ್ನೂ ಕಂಪನ್ನೂ ಬಹುಮಟ್ಟಿಗೆ ಕಳೆದುಕೊಂಡ ಹಳೆಯ ಹೂಗಳನ್ನು. ಅವುಗಳಿಂದ ಬೇಕಾದುದು ರುಚಿಯಲ್ಲ, ಕೆಡದಂತೆ ಕಾಪಾಡುವ ಗುಣ. ಅನಂತರ ಈ ಬಿಸಿರಸವನ್ನು ಮಾಳಿಗೆಯ ಮೇಲಿರುವ, ಸುಮಾರು 7,500 ಲೀಟರ್ ಹಿಡಿಯುವ, ಅಗಲವಾಗಿಯೂ ಆಳವಿಲ್ಲದೆಯೂ ಇರುವ ತಾಮ್ರದ ತೊಟ್ಟಿಗೆ ಹರಿಸಿ, ಗೋಡೆಯ ಗಾಳಿಗಂಡಿಗಳನ್ನು ತೆರೆದು, ಒಂದು ರಾತ್ರಿ ಹಾಗೆಯೇ ಬಿಡುತ್ತಾರೆ. ಯೀಸ್ಟನ್ನು ಯಾರೂ ಬೆರೆಸುವುದಿಲ್ಲ. ರಾತ್ರಿಯ ತಂಪುಗಾಳಿಯಲ್ಲಿಯೂ ಕಟ್ಟಡದ ಮರದ ತೊಲೆಗಳಲ್ಲಿಯೂ ಮನೆಮಾಡಿಕೊಂಡಿರುವ ಅಸಂಖ್ಯ ಸೂಕ್ಷ್ಮಜೀವಿಗಳು ತಾವಾಗಿಯೇ ಬಂದಿಳಿದು, ನಮ್ಮ ಮನೆಗಳಲ್ಲಿ ರುಬ್ಬಿಟ್ಟ ದೋಸೆಹಿಟ್ಟು ಹೊರಗಿನ ಹುದುಗಿನ ನೆರವಿಲ್ಲದೆ ಬೆಳಗಾಗುವುದರೊಳಗೆ ಉಬ್ಬಿ ಹುಳಿಯೇರುವಂತೆಯೇ, ಈ ರಸವನ್ನೂ ಹುದುಗೇಳಿಸುವುವು. ಬೇಸಗೆಯ ಗಾಳಿಯಲ್ಲಿ ಹಾನಿಕರವಾದ ಜೀವಿಗಳು ಹೆಚ್ಚಾಗಿರುವುದರಿಂದಲೂ, ಅಷ್ಟು ರಸ ಆರುವುದಕ್ಕೆ ರಾತ್ರಿ ಸಾಕಷ್ಟು ತಣ್ಣಗಿರಬೇಕಾದುದರಿಂದಲೂ, ಅಕ್ಟೋಬರಿನ ಕೊನೆಯಿಂದ ಏಪ್ರಿಲ್‌ನ ಆರಂಭದವರೆಗಿನ ಶೀತಕಾಲದಲ್ಲಿ ಮಾತ್ರ ಈ ಕೆಲಸ ನಡೆಯತಕ್ಕದ್ದು.

ಮರುದಿನ ಬೆಳಿಗ್ಗೆ ರಸವು ಮರದ ಪೀಪಾಯಿಗಳನ್ನು ಸೇರುತ್ತದೆ. ಇವುಗಳಲ್ಲಿ ಅನೇಕವು ಹಿಂದೆ ದ್ರಾಕ್ಷಾಮದ್ಯವನ್ನು ತುಂಬಿಟ್ಟಿದ್ದವು. ಅಲ್ಲಿ ಒಂದು ಜೀವವರ್ಗದ ಬಳಿಕ ಇನ್ನೊಂದು ತನ್ನ ಸರದಿಯನ್ನು ನಡೆಸುತ್ತದೆ: ಮೊದಲು ಸಾಮಾನ್ಯ ಯೀಸ್ಟುಗಳು ಸಕ್ಕರೆಯನ್ನು ಮದ್ಯಸಾರವಾಗಿಸುತ್ತವೆ, ತರುವಾಯ ಬ್ಯಾಕ್ಟೀರಿಯಗಳು ಲ್ಯಾಕ್ಟಿಕ್ ಆಮ್ಲವನ್ನು ಉತ್ಪಾದಿಸುತ್ತವೆ, ಕಟ್ಟಕಡೆಗೆ ಬ್ರೆಟನೊಮೈಸಿಸ್ ಎಂಬ ನಿಧಾನಗತಿಯ ಯೀಸ್ಟು ತಿಂಗಳುಗಟ್ಟಲೆ, ವರ್ಷಗಟ್ಟಲೆ ದುಡಿದು ಒಣಹುಲ್ಲನ್ನೂ ತೊಗಲನ್ನೂ ಕುದುರೆಲಾಯವನ್ನೂ ನೆನಪಿಗೆ ತರುವ ವಿಲಕ್ಷಣ ಗಂಧವನ್ನು ಕೊಡುತ್ತದೆ. ಪೀಪಾಯಿಗಳ ನಡುವೆ ಜೇಡರ ಬಲೆಗಳನ್ನು ಕಂಡು ಹೇಸುವ ಸಂದರ್ಶಕರು ತಿಳಿಯಬೇಕಾದುದೇನೆಂದರೆ, ಹಣ್ಣಿನ ಕಂಪಿಗೆ ಮುತ್ತುವ ಕೀಟಗಳನ್ನು ತಿನ್ನಲೆಂದು ಆ ಜೇಡಗಳನ್ನು ಅಲ್ಲಿ ಬೇಕೆಂದೇ ಇರಗೊಡಲಾಗಿದೆ.

ಇಂತಹ ಪಾನೀಯಕ್ಕೆ ಅಂಕ ಕೊಡುವುದು ಹೇಗೆ? ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಪಾಸ್ಚರನ ಸಂಶೋಧನೆಗಳೂ, 1883ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ ಸಾಧಿಸಿದ ಶುದ್ಧ ಯೀಸ್ಟಿನ ಕೃಷಿಯೂ ಬಿಯರ್ ತಯಾರಿಕೆಯನ್ನು ಅನಿಶ್ಚಯದಿಂದ ಪಾರುಮಾಡಿದುವು. ಅದು ಮಹೋಪಕಾರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದರೊಡನೆ, ಬಿಯರೆಂದರೆ ಹೊಂಬಣ್ಣದ್ದು, ಸ್ಫಟಿಕದಂತೆ ತಿಳಿಯಾದದ್ದು, ಬೆಳ್ನೊರೆಯುಳ್ಳದ್ದು, ಹುಳಿಯಿಲ್ಲದ್ದು ಎಂಬ ಒಂದೇ ಆದರ್ಶವು ಲೋಕವನ್ನೆಲ್ಲ ವ್ಯಾಪಿಸಿತು. ಆ ಆದರ್ಶದ ಮುಂದೆ ನಿಲ್ಲಿಸಿದಲ್ಲಿ ಲ್ಯಾಂಬಿಕ್ ಕೆಟ್ಟುಹೋದ ಬಿಯರೆಂದೇ ತೀರ್ಮಾನವಾಗುವುದು ಅನಿವಾರ್ಯ.

ಅಮೆರಿಕದಲ್ಲಿ 1985ರಲ್ಲಿ ಆರಂಭವಾದ, ಬಿಯರ್ ತೀರ್ಪುಗಾರರನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಸಂಘವು ಈ ತೊಡಕಿಗೆ ಉತ್ತಮವಾದ ಪರಿಹಾರವನ್ನು ರೂಢಿಗೆ ತಂದಿತು. ಅದರ ಅಂಕಪಟ್ಟಿಯಲ್ಲಿ ಒಟ್ಟು 50 ಅಂಕಗಳು: ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿ ಆಗುವ ಸ್ಪರ್ಶದ ಅನುಭವಕ್ಕೆ 5, ಒಟ್ಟಾರೆ ಪರಿಣಾಮಕ್ಕೆ 10. ಕಣ್ಣಿಗೆ ಕಾಣುವ ಸೊಬಗಿಗೆ ಮೂರೇ ಅಂಕವೆಂಬುದನ್ನು ಗಮನಿಸಬೇಕು. ಇದಕ್ಕಿಂತಲೂ ಮುಖ್ಯವಾದ ಸಂಗತಿಯೆಂದರೆ, ತೀರ್ಪುಗಾರನು ತನ್ನ ಇಷ್ಟಾನಿಷ್ಟಗಳನ್ನು ಬದಿಗಿಟ್ಟು, ಪ್ರತಿಯೊಂದು ಬಿಯರನ್ನೂ ಅದರ ಜಾತಿಗೆ ವಿಹಿತವಾದ ಲಕ್ಷಣಗಳೊಡನೆ ಹೋಲಿಸಿ ನೋಡತಕ್ಕದ್ದೆಂಬ ನಿಯಮ. ಮೇಲೆ ಹೇಳಿದ ಹೊಂಬಣ್ಣದ, ತಿಳಿಯಾದ ಲಾಗರ್ ಬಿಯರಿನಲ್ಲಿ ದೋಷವಾದ ಹುಳಿಯೇ ಲ್ಯಾಂಬಿಕ್ಕಿನಲ್ಲಿ ಗುಣವಾಗುತ್ತದೆ. ಅಲ್ಲಿ ಅಂಕವನ್ನು ಕಳೆಯುವ ಲಾಯದ ಗಂಧವು ಇಲ್ಲಿ, ಮಿತಿಯಲ್ಲಿದ್ದರೆ, ಅಂಕವನ್ನು ತರುತ್ತದೆ. ಹಾಗೆಂದು ಇಲ್ಲಿ ದೋಷವೇ ಇಲ್ಲವೆಂದಲ್ಲ: ಗಂಟಲನ್ನು ಸುಡುವ ಸಿರ್ಕದ ಕಟುತ್ವವು ಮೇಲೆದ್ದುಬಂದರೆ ಲ್ಯಾಂಬಿಕ್ ಕೂಡ ಅಂಕವನ್ನು ಕಳೆದುಕೊಳ್ಳುತ್ತದೆ.

ಈ ನಿಯಮದಂತೆ ಕಾಂತಿಯೋಂ ಬಿಯರುಗಳನ್ನು ಕ್ರಮವಾಗಿ ಪರೀಕ್ಷಿಸೋಣ. ಬಗ್ಗಿಸಿದೊಡನೆ ಮೂಸಿನೋಡುವುದು ಮೊದಲ ಕೆಲಸ. ಬೇಗ ಹಾರಿಹೋಗುವ ಕಂಪುಗಳು ಕಾಯುವುದಿಲ್ಲ. ಬಿಯರು ಹಿಮದಂತೆ ತಣ್ಣಗಿರಬಾರದು. ಅತಿಶೈತ್ಯವು ಪರಿಮಳವನ್ನು ಅಡಗಿಸುತ್ತದೆ. ಬೆರಕೆಯಿಲ್ಲದ, ಮೂರು ವರ್ಷ ಪೀಪಾಯಿಯಲ್ಲಿ ಮಾಗಿದ ಲ್ಯಾಂಬಿಕ್ಕನ್ನೇ ಇವರು ಗ್ರಾಂ ಕ್ರೂ ಬ್ರುವೊಕ್ಸೆಲ್ಲ ಎಂಬ ಹೆಸರಿನಲ್ಲಿ ಸೀಸೆಗೆ ತುಂಬುತ್ತಾರೆ. ಮೂರು ಚಳಿಗಾಲಗಳಲ್ಲಿ ಸಕ್ಕರೆಯೆಲ್ಲ ತೀರಿಹೋಗಿರುವುದರಿಂದ ಇದರಲ್ಲಿ ಗುಳ್ಳೆಯೂ ಇಲ್ಲ, ನೊರೆಯೂ ಇಲ್ಲ. ನೊರೆಯಿಲ್ಲದ್ದಕ್ಕೆ ಅಂಕ ಕಳೆಯುವವನು ಇದರ ಜಾತಿಯನ್ನೇ ಅರಿಯದವನು. ನೋಟದ ಮೂರು ಅಂಕಗಳನ್ನೂ ನಾನು ಇದಕ್ಕೆ ಸಂಕೋಚವಿಲ್ಲದೆ ಕೊಟ್ಟೇನು. ಬಿಳಿಯ ದ್ರಾಕ್ಷಾಮದ್ಯಕ್ಕೆ ಸಮೀಪವಾದ ಇದರ ರುಚಿಯಲ್ಲಿ ಹುಳಿ, ಮರದ ಒಗರು, ದೀರ್ಘವಾದ ಶುಷ್ಕತೆ ಇವು ಒಂದರ ಹಿಂದೆ ಒಂದು ತೋರಿಬರುತ್ತವೆ.

ಗ್ಯೂಜ್ ಎಂಬುದು ಬೆರಕೆಯ ಕಲೆ. ಒಂದು, ಎರಡು, ಮೂರು ವರ್ಷ ವಯಸ್ಸಿನ ಲ್ಯಾಂಬಿಕ್ಕುಗಳನ್ನು ಪೀಪಾಯಿ ಪೀಪಾಯಿಯಾಗಿ ಸವಿದು, ಆರಿಸಿ, ಬೆರೆಸುತ್ತಾರೆ. ಎಳೆಯ ಲ್ಯಾಂಬಿಕ್ಕಿನಲ್ಲಿ ಉಳಿದ ಸಕ್ಕರೆಯು ಬಿರಡೆ ಹಾಕಿದ ಸೀಸೆಯೊಳಗೆ ಮತ್ತೊಮ್ಮೆ ಹುದುಗಿ, ಷಾಂಪೇನಿನಂತೆ ಗುಳ್ಳೆಗಳನ್ನು ಹುಟ್ಟಿಸುತ್ತದೆ. ಹಳೆಯದು ಗಾಂಭೀರ್ಯವನ್ನು ಕೊಡುತ್ತದೆ. ತಂಪಾದ ನೆಲಮಾಳಿಗೆಯಲ್ಲಿ ಇಟ್ಟ ಸೀಸೆ ಇಪ್ಪತ್ತು ವರ್ಷ ಬಾಳುವುದುಂಟು. ನಿಂಬೆಯ ತೀಕ್ಷ್ಣತೆ, ಹಸಿರು ಸೇಬು, ಒಣಹುಲ್ಲು, ಗೋಧಿಯ ಮೃದುತ್ವ ಇವೆಲ್ಲ ಪರಸ್ಪರ ಪೋಷಕವಾಗಿ ನಿಲ್ಲುವುದರಿಂದ, ಒಟ್ಟಾರೆ ಪರಿಣಾಮದ ಹತ್ತು ಅಂಕಗಳನ್ನು ಪೂರ್ಣವಾಗಿ ಪಡೆಯುವ ಯೋಗ್ಯತೆ ಇಲ್ಲಿಯ ಬಿಯರುಗಳಲ್ಲಿ ಮೊದಲು ಗ್ಯೂಜಿಗೇ ಇದೆಯೆಂದು ನನ್ನ ಮತ.

ಪ್ರತಿ ಲೀಟರಿಗೆ ಸುಮಾರು 200 ಗ್ರಾಂ ಹುಳಿ ಚೆರಿಹಣ್ಣನ್ನು ಲ್ಯಾಂಬಿಕ್ಕಿನಲ್ಲಿ ನೆನೆಹಾಕಿ ಮಾಡುವುದು ಕ್ರೀಕ್; ರಾಸ್ಪ್‌ಬೆರಿಯಿಂದ ರೋಸೆ ದ ಗಾಂಬ್ರಿನಸ್, ಏಪ್ರಿಕಾಟ್‌ನಿಂದ ಫೂ ಫೂನ್ ತಯಾರಾಗುತ್ತವೆ. ಹಣ್ಣಿನ ಸಕ್ಕರೆ ಪೂರ್ತಿ ಹುದುಗಿಹೋಗುವುದರಿಂದ ಇವುಗಳಲ್ಲಿ ಹಣ್ಣಿನ ಕಂಪೂ ಬಣ್ಣವೂ ಉಳಿಯುತ್ತವೆ, ಸಿಹಿ ಉಳಿಯುವುದಿಲ್ಲ. ಎಳೆಯದಿರುವಾಗ ಹಣ್ಣೇ ಮುಂದಾಗಿ, ವರ್ಷಗಳು ಕಳೆದಂತೆ ಲ್ಯಾಂಬಿಕ್ಕೇ ಮೇಲಾಗುವುದರಿಂದ, ಇವಕ್ಕೆ ಕೊಡುವ ಅಂಕದೊಡನೆ ಸೀಸೆಯ ವಯಸ್ಸನ್ನೂ ಬರೆದಿಡುವುದು ನ್ಯಾಯ.

ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಜನರ ನಾಲಗೆ ಸಿಹಿಯತ್ತ ತಿರುಗಿ, ಅನೇಕ ತಯಾರಕರು ಲ್ಯಾಂಬಿಕ್ಕಿಗೆ ಸಕ್ಕರೆ ಬೆರೆಸಿದರು, ಉಳಿದವರಲ್ಲಿ ಹಲವರು ಬಾಗಿಲು ಮುಚ್ಚಿದರು. ಕಾಂತಿಯೋಂ ಮನೆತನದ ಅಳಿಯನಾಗಿ ಬಂದ ಜಾನ್-ಪಿಯೇರ್ ವಾನ್ ರಾಯ್ 1978ರಲ್ಲಿ ತಮ್ಮ ಬ್ರೂವರಿಯನ್ನೇ ಗ್ಯೂಜಿನ ವಸ್ತುಸಂಗ್ರಹಾಲಯವಾಗಿ ಸಾರ್ವಜನಿಕರಿಗೆ ತೆರೆದುದರ ಹಿಂದಿನ ವಿವೇಕ ಇಲ್ಲಿ ಸ್ಪಷ್ಟವಾಗುತ್ತದೆ: ಬಿಯರನ್ನು ಉಳಿಸಬೇಕಾದರೆ ಅದನ್ನು ಅರಿಯಬಲ್ಲ ನಾಲಗೆಗಳನ್ನು ಮೊದಲು ಸಿದ್ಧಪಡಿಸಬೇಕು. ಅವರ ಬಳಿಕ ಮಗ ಜಾನ್ ಆ ಹೊಣೆಯನ್ನು ಹೊತ್ತರು. 2016ರಲ್ಲಿ ಬೆಲ್ಜಿಯಂನ ಬಿಯರ್ ಸಂಸ್ಕೃತಿಯನ್ನು ಯುನೆಸ್ಕೊ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಗೌರವಪತ್ರವೊಂದೇ ಪರಂಪರೆಯನ್ನು ಕಾಯಲಾರದು. ಚಳಿಗಾಲದ ರಾತ್ರಿಗಳು ಬೆಚ್ಚಗಾಗುತ್ತಿರುವ ಈ ಕಾಲದಲ್ಲಿ ತೊಟ್ಟಿ ತುಂಬುವ ಋತುವೇ ಸಂಕೋಚಗೊಳ್ಳುತ್ತಿರುವಾಗ, ಕಾಯುವ ಭಾರ ಬಲ್ಲವರ ಮೇಲೆ ಇನ್ನೂ ಹೆಚ್ಚಾಗಿ ಬೀಳುತ್ತದೆ.

ಆದುದರಿಂದ ರುಚಿಗೆ ಅಂಕ ಕೊಡುವ ಕೆಲಸವನ್ನು ಕೇವಲ ವಿನೋದವೆಂದಾಗಲಿ, ಮಾರಾಟದ ಉಪಾಯವೆಂದಾಗಲಿ ಭಾವಿಸಲಾಗದು. ಒಂದು ವಸ್ತು ಏನಾಗಲು ಹೊರಟಿದೆಯೆಂಬುದನ್ನು ತಿಳಿದು, ಅದು ಅಲ್ಲಿಗೆ ಎಷ್ಟರಮಟ್ಟಿಗೆ ತಲುಪಿದೆಯೆಂದು ನಿಷ್ಪಕ್ಷಪಾತವಾಗಿ ಹೇಳುವವನು ಆ ವಸ್ತುವಿನ ಬಾಳುವ ಹಕ್ಕನ್ನು ಎತ್ತಿಹಿಡಿದಂತಾಗುತ್ತದೆ. ಒಂದೇ ಅಳತೆಗೋಲು ಎಲ್ಲವನ್ನೂ ಅಳೆದಿದ್ದರೆ ಗ್ಯೂಜ್ ಎಂದೋ ಅಳಿದುಹೋಗುತ್ತಿತ್ತು. ಅದರ ಹುಳಿಗೆ ಸಲ್ಲಬೇಕಾದ ಅಂಕವನ್ನು ಸಲ್ಲಿಸಬಲ್ಲವರು ಒಂದಷ್ಟು ಮಂದಿ ಇದ್ದುದರಿಂದ ಅದು ಉಳಿದಿದೆ.