ಈಜಿನ ಊರಲ್ಲಿ ಧುಮುಕುವವರೇ ಕಮ್ಮಿ!

ಬಸವನಗುಡಿ: ಬೆಳಗಿನ ಜಾವ ಗಾಂಧಿಬಜಾರಿನಲ್ಲಿ ಹೂವಿನ ಬುಟ್ಟಿ ಇಳಿಯುವ ಹೊತ್ತಿಗೇ ಅಪ್ಪಂದಿರು ಸ್ಕೂಟರ್ ಒದೆಯುತ್ತಾರೆ. ಹಿಂದಿನ ಸೀಟಿನಲ್ಲಿ ಅರೆನಿದ್ದೆಯ ಮಕ್ಕಳು, ಹೆಗಲಲ್ಲಿ ಟವೆಲು. ಸವಾರಿ ಈಜುಕೊಳದ ಕಡೆಗೆ. ಬಸವನಗುಡಿ ಅಕ್ವಾಟಿಕ್ ಸೆಂಟರಿನಲ್ಲಿ ಕೋಚ್ ಪ್ರದೀಪ್ ಕುಮಾರ್ ಅವರ ಕೈಯಲ್ಲಿ ಪಳಗಿದ ನಿಶಾ ಮಿಲ್ಲೆಟ್ 2000ದ ಸಿಡ್ನಿ ಒಲಿಂಪಿಕ್ಸಿಗೆ ಹೋದ ಮೇಲೆ ಈ ಭಾಗದಲ್ಲಿ ಈಜು ಅನ್ನೋದು ಸಂಗೀತದ ಪಾಠದಷ್ಟೇ ಮಾಮೂಲಾಗಿದೆ. ಮಲ್ಲೇಶ್ವರದಲ್ಲಂತೂ ಒಂದು ಬಡಾವಣೆಗೇ ಸ್ವಿಮ್ಮಿಂಗ್ ಪೂಲ್ ಎಕ್ಸ್‌ಟೆನ್ಷನ್ ಅಂತ ಹೆಸರು!

ಇಷ್ಟೆಲ್ಲಾ ಇದ್ದೂ, "ನಿಮ್ಮ ಹುಡುಗ ಡೈವಿಂಗ್ ಕಲೀತಾನೇನ್ರೀ?" ಅಂತ ಯಾರನ್ನಾದರೂ ಕೇಳಿ ನೋಡಿ. ಮುಖ ಮುಖ ನೋಡುತ್ತಾರೆ. ಕೊಳದ ಅಂಚಿನಿಂದ ತಲೆಕೆಳಗಾಗಿ ಬೀಳೋದಕ್ಕೂ ಒಂದು ಪಾಠವೇ ಎಂಬ ಭಾವ.

ಪಾಠ ಇದೆ ಸ್ವಾಮಿ, ಅದಕ್ಕೆ ಲೋಕವೇ ಕಾದು ಕೂರುತ್ತದೆ. 2025ರ ಆಗಸ್ಟ್ ಮೊದಲಲ್ಲಿ ಸಿಂಗಪುರದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಪುರುಷರ 3 ಮೀಟರ್ ಸ್ಪ್ರಿಂಗ್‌ಬೋರ್ಡ್ ಚಿನ್ನವನ್ನು ಮೆಕ್ಸಿಕೋದ ಓಸ್ಮಾರ್ ಓಲ್ವೇರಾ ಗೆದ್ದ. ಇದರಲ್ಲೇನು ವಿಶೇಷ ಅನ್ನಬೇಡಿ. 2005ರಲ್ಲಿ ಮಾಂಟ್ರಿಯಲ್‌ನಲ್ಲಿ ಕೆನಡಾದ ದೆಸ್ಪಾತಿ ಗೆದ್ದ ತರುವಾಯ ಇಪ್ಪತ್ತು ವರ್ಷ ಈ ಪದಕ ಚೀನಾ ಬಿಟ್ಟು ಕದಲಿರಲಿಲ್ಲ. ಹಿಂದಿನ ಮೂರು ಸಲ ಗೆದ್ದಿದ್ದ ವಾಂಗ್ ಝೋಂಗ್‌ಯುವಾನ್ ಈ ಬಾರಿ ಕಂಚಿಗೆ ಇಳಿದ.

ಆಟ ತಿಳಿಯದವರಿಗಾಗಿ ಎರಡು ಮಾತು. ನೀರಿನ ಮೇಲೆ ಮೂರು ಮೀಟರ್, ಅಂದರೆ ಹತ್ತಡಿಗೆ ಕೊಂಚ ಕಮ್ಮಿ ಎತ್ತರದಲ್ಲಿ ಅಲ್ಯೂಮಿನಿಯಂ ಹಲಗೆ ಚಾಚಿಕೊಂಡಿರುತ್ತದೆ. ಉದ್ದ 16 ಅಡಿ, ಅಗಲ ಒಂದೂಮುಕ್ಕಾಲು ಅಡಿಯೂ ಇಲ್ಲ. ಹಲಗೆಯ ಕೆಳಗೆ ಒಂದು ಆನಿಕೆ, ಪಕ್ಕದಲ್ಲಿ ಅದನ್ನು ಹಿಂದೆ ಮುಂದೆ ಸರಿಸುವ ಚಕ್ರ. ಆಟಗಾರ ಅದನ್ನು ಕಾಲಿನಿಂದಲೇ ತಿರುಗಿಸಿ ತನ್ನ ತೂಕಕ್ಕೆ, ತಾಳಕ್ಕೆ ಹೊಂದಿಸಿಕೊಳ್ಳುತ್ತಾನೆ. ಆಮೇಲೆ ಕೆಲವು ಹೆಜ್ಜೆ, ಒಂದು ನೆಗೆತ, ಹಲಗೆಯ ತುದಿಯಲ್ಲಿ ಎರಡೂ ಪಾದ. ಹಲಗೆ ಬಾಗುತ್ತದೆ, ಎತ್ತಿ ಎಸೆಯುತ್ತದೆ. ಅಲ್ಲಿಂದ ನೀರು ಮುಟ್ಟೋವರೆಗೆ ಒಂದೂವರೆ ಸೆಕೆಂಡು ಸಿಕ್ಕರೆ ಪುಣ್ಯ. ಅಷ್ಟರಲ್ಲೇ ಮೂರು ನಾಲ್ಕು ಲಾಗ ಮುಗಿದಿರಬೇಕು. ನೀರಿಗೆ ಇಳಿಯುವಾಗಿನ ವೇಗ ಗಂಟೆಗೆ 30 ಕಿಲೋಮೀಟರ್ ದಾಟುತ್ತದೆ. ಸಂಜೆ ಹೊತ್ತಿನ ಚಿಕ್ಕಪೇಟೆಯಲ್ಲಿ ಯಾವ ಬಸ್ಸೂ ಕಾಣದ ವೇಗ ಅದು.

ಅಂಕದ ಲೆಕ್ಕ ಅಂಗಡಿಯವರಿಗೆ ಬೇಗ ಅರ್ಥವಾದೀತು. ಏಳು ಜನ ತೀರ್ಪುಗಾರರು ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡುತ್ತಾರೆ. ಮೇಲಿನ ಎರಡು, ಕೆಳಗಿನ ಎರಡು ತೆಗೆದುಹಾಕು. ಉಳಿದ ಮೂರನ್ನು ಕೂಡು. ಬಂದದ್ದನ್ನು ಧುಮುಕಿನ ಕಷ್ಟದ ದರದಿಂದ ಗುಣಿಸು. ಮೂವರೂ ಎಂಟೆಂಟು ಕೊಟ್ಟರೆ 24. ಕಷ್ಟದ ದರ 3.4 ಆದರೆ 81.6. ಇಂಥವು ಫೈನಲ್ಲಿನಲ್ಲಿ ಆರು. ಸುಲಭದ ಸರಕು ಚೆನ್ನಾಗಿ ಮಾರಬೇಕೋ, ಕಷ್ಟದ್ದಕ್ಕೆ ಕೈಹಾಕಿ ನಷ್ಟಕ್ಕೂ ತಯಾರಾಗಬೇಕೋ ಎಂಬುದು ಇಲ್ಲೂ ಅದೇ ವ್ಯಾಪಾರ.

ನಷ್ಟ ಬರೀ ಅಂಕದ್ದಲ್ಲ. 1988ರ ಸೋಲ್ ಒಲಿಂಪಿಕ್ಸಿನಲ್ಲಿ ಅಮೆರಿಕದ ಗ್ರೆಗ್ ಲುಗಾನಿಸ್ ಅರ್ಹತಾ ಸುತ್ತಿನ ಒಂಬತ್ತನೇ ಧುಮುಕಿನಲ್ಲಿ ತಲೆಯನ್ನು ಹಲಗೆಗೇ ಬಡಿದುಕೊಂಡ. ರಕ್ತ ಸುರಿಯಿತು, ಹೊಲಿಗೆ ಬಿತ್ತು. ಪುಣ್ಯಾತ್ಮ ಅವತ್ತೇ ಮತ್ತೆ ಏಣಿ ಹತ್ತಿದ. ಮರುದಿನ ಚಿನ್ನವನ್ನೂ ಹೊತ್ತೊಯ್ದ. ಜಗತ್ತಿನ ಮೊದಲ ಸಾಲಿನ ಆಟಗಾರನಿಗೇ ಈ ಗತಿಯಾದರೆ, ಹೇಳಿಕೊಡುವವರಿಲ್ಲದೆ ಕಲ್ಲುಕ್ವಾರಿಯ ಬಂಡೆಯಿಂದ ಹಾರುವ ಹುಡುಗನ ಗತಿಯೇನು? ಆಳ ಗೊತ್ತಿಲ್ಲದ ನೀರಿಗೆ ತಲೆ ಮುಂದಾಗಿ ಬಿದ್ದು ಕತ್ತು ಮುರಿದುಕೊಂಡರೆ ಮುಂದಿನ ಬದುಕೆಲ್ಲ ಹಾಸಿಗೆ. ಧೈರ್ಯ ನಮ್ಮ ಹುಡುಗರಲ್ಲೂ ಉಂಟು. ಅದು ಸರಿಯಾದ ಜಾಗ ಸಿಗದೆ ದಾರಿ ತಪ್ಪುತ್ತಿದೆ, ಅಷ್ಟೆ.

ಈ ಆಟದಲ್ಲಿ ನಮ್ಮ ದೇಶ ಸೊನ್ನೆಯೇನಲ್ಲ. 1951ರಲ್ಲಿ ದಿಲ್ಲಿಯ ಮೊಟ್ಟಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಕೆ.ಪಿ. ಠಕ್ಕರ್ ಸ್ಪ್ರಿಂಗ್‌ಬೋರ್ಡಿನಲ್ಲೂ ಎತ್ತರದ ವೇದಿಕೆಯಲ್ಲೂ ಚಿನ್ನ ಗೆದ್ದರು. ಎರಡಕ್ಕೆ ಎರಡೂ! ಆಮೇಲಿನ ಕೂಟಗಳಲ್ಲಿ ಡೈವಿಂಗಿನ ಚಿನ್ನ ಭಾರತದ ಕಡೆ ತಿರುಗಿಯೂ ನೋಡಿಲ್ಲ. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯಾಡಿನಲ್ಲಿ ಸಿದ್ಧಾರ್ಥ್ ಪರದೇಶಿ, ಲಂಡನ್ ಸಿಂಗ್ ಇಬ್ಬರು ಧುಮುಕಿ ಬಂದರು. ಪದಕ ಕೈಗೆಟುಕಲಿಲ್ಲ.

ಬೆಂಗಳೂರಿಗೂ ಒಮ್ಮೆ ಅಂತರರಾಷ್ಟ್ರೀಯ ಡೈವಿಂಗ್ ಬಂದಿತ್ತು. 2019ರ ಸೆಪ್ಟೆಂಬರ್ ಕೊನೆಯಲ್ಲಿ ಏಷ್ಯನ್ ವಯೋಮಿತಿ ಚಾಂಪಿಯನ್‌ಷಿಪ್ ಇಲ್ಲೇ ನಡೆಯಿತು. ಈಜು ಯಲಹಂಕದ ಕಡೆಯ ಪಡುಕೋಣೆ-ದ್ರಾವಿಡ್ ಕೇಂದ್ರದಲ್ಲಿ. ನಮ್ಮೂರ ಹುಡುಗ ಶ್ರೀಹರಿ ನಟರಾಜ್ ಮಿಂಚಿದ್ದು ಅಲ್ಲೇ. ಡೈವಿಂಗ್ ಹಲಸೂರಿನ ಕೆನ್ಸಿಂಗ್ಟನ್ ಕೊಳಕ್ಕೆ ಹೋಯಿತು. ಒಂದೇ ಕೂಟ, ಊರಿನ ಎರಡು ಮೂಲೆ.

ಕಾರಣ ಸರಳ. ಸ್ಪರ್ಧೆಯ ಈಜಿಗೆ ಎರಡು ಮೀಟರ್ ಆಳದ ನೀರು ಸಾಕು. ಮೂರು ಮೀಟರ್ ಹಲಗೆಯ ಕೆಳಗೆ ಬೇಕಾದದ್ದು ಅದರ ಸುಮಾರು ಎರಡರಷ್ಟು. ತೋಡುವ ಖರ್ಚು, ನೀರಿನ ಖರ್ಚು, ಶುದ್ಧಿ ಮಾಡುವ ಖರ್ಚು ಎಲ್ಲಾ ಡಬಲ್. ಜತೆಗೆ ನೆಲದ ಮೇಲೆ ಲಾಗ ಕಲಿಸಲು ಟ್ರ್ಯಾಂಪೊಲಿನ್, ಸೊಂಟಕ್ಕೆ ಕಟ್ಟುವ ಹಗ್ಗ, ಅದನ್ನು ಹಿಡಿಯಬಲ್ಲ ಗುರು. ಅದೇ ಜಾಗದಲ್ಲಿ ಆಳ ಕಮ್ಮಿ ಮಾಡಿದರೆ ಬ್ಯಾಚಿನ ಮೇಲೆ ಬ್ಯಾಚು ಮಕ್ಕಳಿಗೆ ಈಜು ಕಲಿಸಿ ಫೀಜು ಎಣಿಸಬಹುದು. ಕೊಳ ನಡೆಸುವವರನ್ನು ಬೈದು ಫಲವಿಲ್ಲ, ಅವರೂ ಕರೆಂಟ್ ಬಿಲ್ ಕಟ್ಟಬೇಕು. ಆದರೆ ಸರಕಾರದ ಕೊಳಗಳಿಗೂ ಇದೇ ಲೆಕ್ಕವೇ? ತೆರಿಗೆ ದುಡ್ಡಿನಲ್ಲಿ ಕಟ್ಟುವ ಕೊಳಕ್ಕೆ ಒಂದು ಕಡೆ ಆಳ, ಒಂದು ಹಲಗೆ, ಒಬ್ಬ ತರಬೇತುದಾರ ದುಬಾರಿಯಾಗಬಾರದು.

ತಂದೆತಾಯಿಯರೂ ಲೆಕ್ಕ ಹಾಕುವವರೇ. ಪಿಯುಸಿ ಮಾರ್ಕ್ಸಿನ ಪಕ್ಕ ಸ್ಪೋರ್ಟ್ಸ್ ಕೋಟಾ ಸರ್ಟಿಫಿಕೇಟ್ ಇದ್ದರೆ ಒಳ್ಳೆಯದು ಅಂತ ಈಜಿಗೆ ಹಾಕುತ್ತಾರೆ. ನೂರಾರು ಮಕ್ಕಳು ಸಾಲುಗಟ್ಟುವ ಫ್ರೀಸ್ಟೈಲಿಗಿಂತ ಬೆರಳೆಣಿಕೆಯವರು ಧುಮುಕುವ ಹಲಗೆಯ ಕಡೆ ಪೈಪೋಟಿ ಕಮ್ಮಿ ಎಂಬ ಗುಟ್ಟು ಇನ್ನೂ ಯಾರ ತಲೆಗೂ ಹೊಳೆದ ಹಾಗಿಲ್ಲ.

ಹೊಳೆದರೂ ದಾರಿ ಇದು: ನ್ಯಾಷನಲ್ ಕಾಲೇಜ್ ಸ್ಟೇಷನ್ನಿನಲ್ಲಿ ಹಸಿರು ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ, ಹಲಸೂರಿನಲ್ಲಿ ಇಳಿದು, ಕೆರೆಯ ಕಡೆಗೆ ಆಟೋ. ಬದಲಾಯಿಸುವ ಮೆಜೆಸ್ಟಿಕ್ ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆ. ನೀರಿದ್ದ ಜಾಗದಲ್ಲಿ ಈಗ ಬಸ್ಸುಗಳು. ಹೋದ ದಾರಿಯಲ್ಲೇ ವಾಪಸು ಬಂದು ಹುಡುಗ ಮೊದಲ ಪೀರಿಯಡ್ಡಿನ ಗಂಟೆಗೆ ಬಸವನಗುಡಿಯ ಶಾಲೆಯಲ್ಲಿರಬೇಕು.