ಎಲ್‌ಎಲ್-37 ಎಂಬ ಸೂಜಿಮದ್ದು

ರೋಗನಿರೋಧಕ ಶಕ್ತಿಯನ್ನು ವೃದ್ಧಿಪಡಿಸುವುದೆಂಬ ಹೊಗಳಿಕೆಯೊಡನೆ ಅಮೆರಿಕದಲ್ಲಿ ಮಾರಾಟಕ್ಕೆ ಬಂದಿರುವ ಎಲ್‌ಎಲ್-37 ಎಂಬ ಸೂಜಿಮದ್ದಿನ ವಿಷಯವಾಗಿ ನಮ್ಮ ವಾಚಕರಿಗೆ ಎರಡು ಮಾತುಗಳನ್ನು ಅರಿಕೆ ಮಾಡುವುದು ಅವಶ್ಯವೆಂದು ನಮಗೆ ತೋರಿದೆ.

ಇದು ಯಾವುದೋ ಬೇರಿನಿಂದಾಗಲಿ ಗಣಿಯಿಂದಾಗಲಿ ತೆಗೆದ ಪದಾರ್ಥವಲ್ಲ. ಪ್ರತಿಯೊಬ್ಬ ಮನುಷ್ಯನ ಬಿಳಿಯ ರಕ್ತಕಣಗಳಲ್ಲಿಯೂ ಚರ್ಮದಲ್ಲಿಯೂ ಶ್ವಾಸನಾಳದ ಒಳಪೊರೆಯಲ್ಲಿಯೂ ಸಹಜವಾಗಿ ಹುಟ್ಟತಕ್ಕ ವಸ್ತು. 37 ಅಮೈನೋ ಆಮ್ಲಗಳ ಸರಪಳಿಯಾದುದರಿಂದಲೂ, ಅದರ ಮೊದಲಿನ ಎರಡು ಕೊಂಡಿಗಳು ಲ್ಯೂಸಿನ್ ಎಂಬ ಆಮ್ಲವಾದುದರಿಂದಲೂ ಇದಕ್ಕೆ ಈ ಹೆಸರು. ಧನವಿದ್ಯುತ್ತುಳ್ಳ ಈ ಸರಪಳಿಯು ಋಣವಿದ್ಯುತ್ತುಳ್ಳ ರೋಗಾಣುವಿನ ಹೊರಪೊರೆಗೆ ಅಂಟಿಕೊಂಡು ಅದನ್ನು ಭೇದಿಸುವುದು. ವಿಟಮಿನ್ ಡಿ ಇದರ ಉತ್ಪತ್ತಿಯನ್ನು ಪ್ರೇರಿಸಿ ಕ್ಷಯದ ಅಣುಗಳನ್ನೆದುರಿಸಲು ನೆರವಾಗುವುದೆಂದು 2006ರಲ್ಲಿ ಪ್ರಕಟವಾಯಿತು. ಹಿಂದೆ ಕ್ಷಯರೋಗಿಗಳನ್ನು ಬಿಸಿಲಿಗೆ ಮಲಗಿಸುತ್ತಿದ್ದ ವೈದ್ಯರನ್ನು ಕಂಡು ನಕ್ಕವರು ಈಗ ಕೊಂಚ ಯೋಚಿಸಬಹುದು.

ಮೈಯಲ್ಲಿ ಸ್ವಲ್ಪವಿದ್ದರೆ ಇಷ್ಟು ಗುಣ. ಹೊರಗಿನಿಂದ ಇನ್ನಷ್ಟು ಸೇರಿಸಿದರೆ ಎಷ್ಟು ಗುಣವಾಗಲಿಕ್ಕಿಲ್ಲ! ವ್ಯಾಪಾರಸ್ಥರ ತರ್ಕವು ಇದೇ. ಕೇಳುವುದಕ್ಕೆ ಹಿತವಾಗಿರುವ ಈ ತರ್ಕವು ಪರೀಕ್ಷೆಯಲ್ಲಿ ನಿಂತಿಲ್ಲ. ಸ್ವೀಡನ್ನಿನ ಸಂಶೋಧಕರು ಕಾಲಿನ ಹಳೆಯ ಹುಣ್ಣುಗಳಿದ್ದ 34 ಮಂದಿಗೆ ಇದನ್ನು ಲೇಪಿಸಿ ನೋಡಿದ ಫಲವು 2014ರಲ್ಲಿ ಹೊರಬಂದಿತು. ಮೂರು ಪ್ರಮಾಣಗಳಲ್ಲಿ ಕಡಮೆಯ ಎರಡರಿಂದ ಹುಣ್ಣು ಬೇಗ ಮಾಯತೊಡಗಿತು. ಅತ್ಯಧಿಕ ಪ್ರಮಾಣದಿಂದಲಾದರೋ ಬರಿಯ ಹುಸಿಮದ್ದಿಗಿಂತ ಹೆಚ್ಚಿನ ಗುಣವೇನೂ ಕಾಣಲಿಲ್ಲ. ಅದೂ ಮೇಲೆ ಹಚ್ಚಿದ ಮದ್ದು, ಚುಚ್ಚಿದುದಲ್ಲ.

ಇನ್ನೂ ಗಹನವಾದ ಸಂಗತಿಯೊಂದಿದೆ. ಸೋರಿಯಾಸಿಸ್ ಎಂಬ ಚರ್ಮವ್ಯಾಧಿಯಲ್ಲಿ ಈ ವಸ್ತುವು ಮಿತಿಮೀರಿ ಸೇರಿ, ಸತ್ತ ಜೀವಕೋಶಗಳ ಡಿಎನ್ಎಯೊಡನೆ ಕೂಡಿಕೊಂಡು, ಶರೀರದ ರಕ್ಷಣಾಪಡೆಯನ್ನು ಸ್ವಶರೀರದ ಮೇಲೆಯೇ ಎಬ್ಬಿಸುವುದೆಂದು 2007ರಲ್ಲಿ ತಿಳಿದುಬಂದಿತು. ಮನೆಯ ಕಾವಲುಗಾರನೇ ಮನೆಯವರ ಮೇಲೆ ದೊಣ್ಣೆಯೆತ್ತಿದಂತಾಯಿತು. ಹೀಗಿರಲು "ನಿರೋಧಶಕ್ತಿಯ ವೃದ್ಧಿ" ಎಂಬುದು ಸರ್ವರಿಗೂ ಸರ್ವಕಾಲದಲ್ಲಿಯೂ ಶುಭವೇ ಎಂದು ಯಾರು ಹೇಳಬಲ್ಲರು?

ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2023ರಲ್ಲಿ ಇದನ್ನು, ಔಷಧಶಾಲೆಗಳಲ್ಲಿ ಬೆರಸಿಕೊಟ್ಟರೆ ಅಪಾಯದ ಶಂಕೆಯುಳ್ಳ ವಸ್ತುಗಳ ಪಟ್ಟಿಗೆ ಸೇರಿಸಿತು. ಆದಾಗ್ಯೂ "ಸಂಶೋಧನೆಗೆ ಮಾತ್ರ" ಎಂಬ ಚೀಟಿಯನ್ನಂಟಿಸಿ ಸೀಸೆಗಳನ್ನು ಮಾರುವ ಉಪಾಯವುಂಟು. ಕೊಳ್ಳುವವನು ಸಂಶೋಧಕನಲ್ಲ; ನೆಗಡಿ ನಿಶ್ಶಕ್ತಿಗಳಿಂದ ಬೇಸತ್ತ ಗೃಹಸ್ಥನು. ಹಾನಿಯಾದಲ್ಲಿ ಆ ಚೀಟಿಯು ಮಾರಿದವನಿಗೆ ರಕ್ಷೆ, ಕೊಂಡವನಿಗಲ್ಲ.

ಪುಷ್ಟಿಯ ಮದ್ದುಗಳ ಜಾಹೀರಾತುಗಳಿಂದ ಪತ್ರಿಕೆಗಳಿಗೂ ಆದಾಯವುಂಟೆಂಬುದನ್ನು ನಾವು ಮರೆಮಾಚುವುದಿಲ್ಲ. ಆದರೆ ಈ ಸೀಸೆಯ ಜಾಹೀರಾತು ನಮ್ಮ ಕಚೇರಿಗೆ ಬಂದಲ್ಲಿ ಹಣದೊಡನೆ ಹಿಂದಕ್ಕೆ ಕಳುಹಿಸಲ್ಪಡುವುದು.