ಮನೆಬಾಗಿಲಿಗೆ ಬಂದ ಮಹಾಕಾವ್ಯ

ನಿಂತದ್ದು ಸ್ಥಾವರ, ಚಲಿಸುವುದು ಜಂಗಮ. ಶರಣಸಾಹಿತ್ಯದ ಗಂಧವುಳ್ಳ ಯಾರಿಗೂ ಈ ಎರಡು ಪದಗಳನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಸಭೆ ಸಮಾರಂಭಗಳಲ್ಲಿ ಈ ಮಾತು ಬಾರದ ದಿನವಿಲ್ಲ. ಆದರೆ ಜಂಗಮವೆಂಬ ಹೆಸರನ್ನು ಜಾತಿಯ ಹೆಸರಾಗಿಯೇ ಹೊತ್ತು, ತಂಬೂರಿಯನ್ನು ಹೆಗಲಿಗೇರಿಸಿ, ಊರಿಂದೂರಿಗೆ ನಡೆಯುತ್ತಲೇ ಬಾಳಿದ ಇನ್ನೊಂದು ಜನವರ್ಗ ನಮ್ಮ ನಾಡಿನಲ್ಲಿದೆ. ಅವರೇ ಬುಡ್ಗ ಜಂಗಮರು. ಹೆಸರಿನ ಸಾಮ್ಯವನ್ನು ಕಂಡು ಅವರನ್ನು ವೀರಶೈವ ಜಂಗಮರೆಂದು ಭಾವಿಸಬಾರದು. ಅವರು ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿರುವ ಅಲೆಮಾರಿಗಳು. ಜಾತಿ ಪ್ರಮಾಣಪತ್ರದ ವಿಷಯದಲ್ಲಿ ಇಂತಹ ಹೆಸರಿನ ಗೊಂದಲ ಎಷ್ಟು ಜಗಳಕ್ಕೆ ಕಾರಣವಾಗಿದೆಯೆಂಬುದು ಪತ್ರಿಕೆ ಓದುವವರಿಗೆಲ್ಲ ತಿಳಿದಿದೆ. ಆ ಜಗಳದಲ್ಲಿ ನಮ್ಮವರೆಲ್ಲರೂ ನ್ಯಾಯದ ಕಡೆಗೇ ನಿಂತಿದ್ದಾರೆಂದು ಎದೆ ಮುಟ್ಟಿ ಹೇಳಲಾರೆವು.

ಈ ಬುಡ್ಗ ಜಂಗಮರಲ್ಲಿ ಹುಟ್ಟಿದ ಒಬ್ಬ ಮಹಾತಾಯಿ ಬುರ್ರಕಥಾ ಈರಮ್ಮ. ಊರು ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿನ ದರೋಜಿ. ಈಗ ದರೋಜಿಯೆಂದರೆ ಪ್ರವಾಸಿಗರಿಗೆ ನೆನಪಾಗುವುದು 1994ರಲ್ಲಿ ಆರಂಭವಾದ ಕರಡಿಧಾಮ. ಹಳಬರಿಗೆ ಮಾತ್ರ ದರೋಜಿ ಎಂದೊಡನೆ ಈರಮ್ಮನವರ ಕಂಠವೇ ಕಿವಿಗೆ ಬೀಳುತ್ತದೆ. 1930ರ ಸುಮಾರಿಗೆ ಹುಟ್ಟಿದ ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ತಂದೆ ಲಾಲಪ್ಪನವರೇ ಗುರು; ಅವರು ಹಾಡಿದ್ದನ್ನು ಕೇಳಿ ಕೇಳಿ ಕಲಿತದ್ದೇ ವಿದ್ಯೆ. ಅಕ್ಷರ ಬಾರದ ಆ ತಾಯಿಯ ನಾಲಿಗೆಯ ಮೇಲೆ 12 ಜನಪದ ಮಹಾಕಾವ್ಯಗಳಿದ್ದವು. ಒಟ್ಟು ಸುಮಾರು 2 ಲಕ್ಷ ಪದಗಳೆಂದು ಬಲ್ಲವರು ಅಂದಾಜು ಮಾಡಿದ್ದಾರೆ. ಕುಮಾರರಾಮ, ಬಾಲನಾಗಮ್ಮ, ಬಬ್ಬುಲಿ ನಾಗಿರೆಡ್ಡಿ, ಜೈಸಿಂಗರಾಜ ಅವುಗಳಲ್ಲಿ ಕೆಲವು.

ಇಷ್ಟೊಂದು ನೆನಪಿಡುವುದು ಮನುಷ್ಯಮಾತ್ರದವರಿಗೆ ಸಾಧ್ಯವೇ ಎಂದು ಓದುಬರಹ ಬಲ್ಲ ನಾವು ಬೆರಗಾಗುತ್ತೇವೆ. ಯೂರೋಪಿನ ವಿದ್ವಾಂಸರಿಗೂ ಹೋಮರನ ವಿಷಯದಲ್ಲಿ ಇದೇ ಸಂಶಯ ಕಾಡಿತ್ತು. 1930ರ ದಶಕದಲ್ಲಿ ಮಿಲ್ಮನ್ ಪ್ಯಾರಿ ಎಂಬ ಅಮೆರಿಕದ ಪಂಡಿತ ಯುಗೊಸ್ಲಾವಿಯಾದ ಹಳ್ಳಿಗಳಿಗೆ ಹೋಗಿ, ಅವ್ದೊ ಮೆಜೆದೊವಿಚ್ ಎಂಬ ಅನಕ್ಷರಸ್ಥ ರೈತನ ಬಾಯಿಂದ 12 ಸಾವಿರಕ್ಕೂ ಮಿಕ್ಕಿದ ಸಾಲುಗಳ ಒಂದೇ ಕಾವ್ಯವನ್ನು ಬರೆಸಿಕೊಂಡು ಬಂದ ಮೇಲೆ ಆ ಸಂಶಯ ತಿಳಿಯಾಗತೊಡಗಿತು. ಹಾಡುಗಾರ ಕಂಠಪಾಠ ಒಪ್ಪಿಸುವುದಿಲ್ಲ. ಕಥೆಯ ಹಂದರ ಮನಸ್ಸಿನಲ್ಲಿರುತ್ತದೆ; ಯುದ್ಧ, ಶೃಂಗಾರ, ಶೋಕಗಳಿಗೆ ಹೊಂದುವ ಸಿದ್ಧ ನುಡಿಗಟ್ಟುಗಳು ನಾಲಿಗೆಯಲ್ಲಿರುತ್ತವೆ. ಆತ ಪ್ರತಿ ಸಲವೂ ಹೊಸದಾಗಿ ಕಟ್ಟುತ್ತಾನೆ. ಅಷ್ಟು ದೂರ ಹೋಗಿ ಕಂಡುಕೊಂಡ ಈ ಸತ್ಯ ನಮ್ಮ ಹಿತ್ತಿಲಲ್ಲೇ ಇತ್ತು!

ಬುರ್ರಕಥೆಯಲ್ಲಿ ಮೂವರು ಇರಬೇಕು. ನಡುವೆ ನಿಂತವರು ತಂಬೂರಿ ಮೀಟುತ್ತ ಕಥೆ ಹೇಳುತ್ತಾರೆ. ಅಕ್ಕಪಕ್ಕದ ಇಬ್ಬರು ವಾದ್ಯ ನುಡಿಸುತ್ತ ಸೊಲ್ಲಿಗೆ ಸೊಲ್ಲು ಕೂಡಿಸುತ್ತಾರೆ. ಆ ಹಿಮ್ಮೇಳ ಬರೀ ಅಲಂಕಾರವಲ್ಲ. ಅದು ಕಥೆ ಹೇಳುವವರಿಗೆ ಉಸಿರು ಎಳೆದುಕೊಳ್ಳಲು, ಮುಂದಿನ ಸಾಲನ್ನು ಹೊಂಚಿಕೊಳ್ಳಲು ಸಿಗುವ ಬಿಡುವು. ಈರಮ್ಮನವರಿಗೆ ತಂಗಿ ಶಿವಮ್ಮ, ನಾದಿನಿ ಪಾರ್ವತಮ್ಮ ಜೊತೆಗಾರ್ತಿಯರು. ಮೂವರೂ ಹೆಂಗಸರೇ.

ಇದು ಸಣ್ಣ ಮಾತಲ್ಲ. ಕುಮಾರರಾಮನ ಕಥೆಯನ್ನೇ ನೋಡಿ. ಚೆಂಡನ್ನು ತರಲು ಅರಮನೆಯೊಳಗೆ ಹೋದ ರಾಮನನ್ನು ಮಲತಾಯಿ ರತ್ನಾಜಿ ಮೋಹಿಸುತ್ತಾಳೆ. ಆತ ಒಲ್ಲೆನೆಂದಾಗ ಗಂಡ ಕಂಪಿಲರಾಯನ ಬಳಿ ಚಾಡಿ ಹೇಳುತ್ತಾಳೆ. ಹಿಂದುಮುಂದು ವಿಚಾರಿಸದೆ ತಂದೆ ಮಗನ ತಲೆ ತೆಗೆಯಲು ಆಜ್ಞಾಪಿಸುತ್ತಾನೆ. ಮಂತ್ರಿ ಬೈಚಪ್ಪ ಗುಟ್ಟಾಗಿ ರಾಮನನ್ನು ಉಳಿಸುತ್ತಾನೆ. ಕೊನೆಗೆ ದೆಹಲಿಯ ಸೈನ್ಯ ಮುತ್ತಿದಾಗ ರಾಜ್ಯಕ್ಕೆ ಆಸರೆಯಾಗುವವನು ಸತ್ತನೆಂದುಕೊಂಡಿದ್ದ ಆ ಮಗನೇ. ಇತಿಹಾಸದಲ್ಲಿಯೂ ಮಹಮದ್ ಬಿನ್ ತುಘಲಕನ ಸೈನ್ಯದಿಂದ ಕಂಪಿಲಿ ರಾಜ್ಯ ಅಳಿದದ್ದು 1327ರಲ್ಲಿ. ಆ ಕಂಪ್ಲಿ ದರೋಜಿಗೆ ಹತ್ತಿರದ ಊರು. ಪರನಾರಿ ಸಹೋದರನೆಂದು ಜನ ಪೂಜಿಸುವ ವೀರನ ಕಥೆಯನ್ನು ಅವನು ನಡೆದಾಡಿದ ನೆಲದಲ್ಲಿಯೇ ನಿಂತು ಹೆಣ್ಣುಮಗಳೊಬ್ಬಳು ಹೇಳುತ್ತಿದ್ದಾಗ, ಜಗಲಿಯ ಮೇಲೆ ಕುಳಿತ ಗಂಡಸರು ಬಾಯಿ ಮುಚ್ಚಿ ಕೇಳಬೇಕಾಗಿತ್ತು. ಧರ್ಮೋಪದೇಶ ಎನ್ನುವುದು ಪೀಠದ ಮೇಲಿಂದಲೇ ಬರಬೇಕೆಂದೇನೂ ಇಲ್ಲ.

ನಮ್ಮ ಚಿತ್ರದುರ್ಗ ಜಿಲ್ಲೆಯ ಗೊಲ್ಲರಹಟ್ಟಿಯ ಸಿರಿಯಜ್ಜಿಯೂ ಇಂತಹುದೇ ಹಾಡಿನ ಕಣಜ. ಆದರೆ ಸಿರಿಯಜ್ಜಿ ಹಾಡಿದ್ದು ತನ್ನ ಹಟ್ಟಿಯವರ ನಡುವೆ, ತನ್ನವರ ಮದುವೆ ಹಬ್ಬಗಳಲ್ಲಿ. ಈರಮ್ಮನವರು ಹಾಡಿದ್ದು ಪರರ ಬಾಗಿಲಲ್ಲಿ, ಮೊರದ ಕಾಳಿಗಾಗಿ. ಮನೆಮಾತು ತೆಲುಗಾದ ಸಮುದಾಯದಲ್ಲಿ ಹುಟ್ಟಿಯೂ ಕನ್ನಡಕ್ಕೆ ಅಷ್ಟು ಕಾವ್ಯಗಳನ್ನು ಕೊಟ್ಟರು. ಹಾಡು ಕೇಳಿ ಕಣ್ಣೀರು ಹಾಕಿದ ಊರೇ ಅಲೆಮಾರಿಗಳಿಗೆ ರಾತ್ರಿ ತಂಗಲು ತೋರಿಸುತ್ತಿದ್ದುದು ಊರ ಹೊರಗಿನ ಬಯಲನ್ನು.

ಮನ್ನಣೆ ಬಂದದ್ದು ಮುಪ್ಪಿನಲ್ಲಿ. 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ನೀಡಿತು. ಅವರ ಬಾಯಲ್ಲಿದ್ದ ಕಾವ್ಯಗಳು ಪುಸ್ತಕಗಳಾದವು. ಜಂಗಮವಾಗಿದ್ದುದು ಹೀಗೆ ಸ್ಥಾವರವಾಯಿತೆನ್ನಬಹುದು. ಆದರೂ ಅಷ್ಟಾದರೂ ಉಳಿಯಿತಲ್ಲ ಎಂಬ ಸಮಾಧಾನ. 2014ರ ಆಗಸ್ಟ್ 12ರಂದು ಈರಮ್ಮನವರು ಕಣ್ಮುಚ್ಚಿದರು.

ಅವರ ನಂತರ ಯಾರು ಎಂದು ಕಲಾಭಿಮಾನಿಗಳು ಮರುಗುತ್ತಾರೆ. ಆ ಮರುಕದಲ್ಲಿ ಒಂದು ಮುಳ್ಳಿದೆ. ಈ ಹಾಡು ಬೆಳೆದದ್ದು ಭಿಕ್ಷೆಯ ಜೋಳಿಗೆಯ ಜೊತೆಗೆ. ಆ ಸಮುದಾಯದ ಮಕ್ಕಳು ಜೋಳಿಗೆ ಬಿಟ್ಟು ಶಾಲೆಗೆ ಹೋಗಬೇಕೆಂದು ನಾವೇ ಬಯಸುತ್ತೇವೆ, ಬಯಸಲೇಬೇಕು. ಹಾಗಿರುವಾಗ ಅವರು ತಂಬೂರಿ ಹಿಡಿದು ಬೀದಿಯಲ್ಲಿ ನಿಲ್ಲುವುದಿಲ್ಲವೆಂದು ನೊಂದುಕೊಳ್ಳುವ ಅಧಿಕಾರ ನಮಗೆಲ್ಲಿದೆ? ಶಾಲೆಯಲ್ಲಿಯೇ ಆ ಹಾಡನ್ನು ಕಲಿಸಬಹುದಿತ್ತು. ಕಲಿಸಲು ಬಲ್ಲವರು ಬದುಕಿದ್ದಾಗ ಅವರನ್ನು ಗುರುಗಳ ಕುರ್ಚಿಯಲ್ಲಿ ಕೂರಿಸಬೇಕೆಂದು ಎಷ್ಟು ಶಾಲೆಗಳಿಗೆ ಹೊಳೆಯಿತು? ಶಾಲೆಗಳನ್ನು ನಡೆಸುವ ಮಠಗಳೂ ಈ ಪ್ರಶ್ನೆಯಿಂದ ಹೊರತಲ್ಲ.

ಆ ಸಮುದಾಯದ ಅನೇಕರು ಇಂದು ತಲೆಗೂದಲು ತೆಗೆದುಕೊಂಡು ಪಾತ್ರೆ ಕೊಡುತ್ತ, ಪಿನ್ನು, ಟೇಪು ಮಾರುತ್ತ ಹಳ್ಳಿಗಳಲ್ಲಿ ತಿರುಗುತ್ತಾರೆ. ಮುಂದಿನ ಸಲ ನಿಮ್ಮ ಓಣಿಗೆ ಬಂದಾಗ ಪಾತ್ರೆಯ ಚೌಕಾಸಿ ಮುಗಿದ ಮೇಲೆ ಒಂದು ಲೋಟ ನೀರು ಕೊಟ್ಟು, ನಿಮ್ಮ ಮನೆಯಲ್ಲಿ ಕಥೆ ಹೇಳುವವರು ಯಾರಾದರೂ ಇದ್ದರೇ ಎಂದು ಕೇಳಿ ನೋಡಿ.